ಹಳೆ ಜೀಪಿಗೆ ಹೊಸ ಸೈಲೆನ್ಸರ್

ಹಿರೇಕೆರೂರು ತಾಲ್ಲೂಕಿನ ಹಂಸಭಾವಿ ಸುತ್ತಮುತ್ತ ಕ್ರೂಸರ್, ಬೊಲೆರೊ, ಸುಮೊಗಳಿಗೆ ವಯಸ್ಸಾದರೂ ಬಿಡುವಿಲ್ಲ. ಮದುವೆಗೆ ಜನ, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ, ಅಪರಾತ್ರಿ ಹಾವೇರಿ ಆಸ್ಪತ್ರೆಗೆ ಬಾಣಂತಿ, ಎಲ್ಲಕ್ಕೂ ಇವೇ ಬೇಕು. 1994ರಲ್ಲಿ ಬಂದ ಟಾಟಾ ಸುಮೊದ ತಯಾರಿಕೆ 2019ಕ್ಕೆ ನಿಂತಿತು, ಗಾಡಿಗಳು ಮಾತ್ರ ಓಡುತ್ತಲೇ ಇವೆ. ಎಂಜಿನ್ ಗಟ್ಟಿಯಿದ್ದರೂ ಇವುಗಳಲ್ಲಿ ಮೊದಲು ಕೈಕೊಡುವುದು ಅಡಿಯಲ್ಲಿ ಹಾದುಹೋಗುವ ಹೊಗೆಯ ಕೊಳವೆ. ಜನ ಅದನ್ನೆಲ್ಲ ಸೇರಿಸಿ ಸೈಲೆನ್ಸರ್ ಎಂದೇ ಕರೆಯುತ್ತಾರೆ.

ಅದು ತುಕ್ಕು ಹಿಡಿಯುವುದು ಹೆಚ್ಚಾಗಿ ಒಳಗಿನಿಂದ. ಒಂದು ಲೀಟರ್ ಡೀಸೆಲ್ ಉರಿದರೆ ಹೊಗೆಯ ಜೊತೆ ಸುಮಾರು ಒಂದು ಲೀಟರಿನಷ್ಟು ನೀರೂ ಆವಿಯಾಗಿ ಹೊರಬೀಳುತ್ತದೆ. ದೂರದ ಪ್ರಯಾಣದಲ್ಲಿ ಕೊಳವೆ ಪೂರ್ತಿ ಕಾದು ಆವಿ ಹೊರಗೆ ಹೋಗುತ್ತದೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಸಂತೆಗೆ ಎಂದು ಎರಡೆರಡು ಮೈಲಿ ಓಡಿಸಿ ನಿಲ್ಲಿಸಿದರೆ ಆ ನೀರು ಸೈಲೆನ್ಸರ್ ಡಬ್ಬಿಯಲ್ಲೇ ಉಳಿಯುತ್ತದೆ. ಮೊದಲಿನ ಡೀಸೆಲ್‌ನಲ್ಲಿ ಗಂಧಕವೂ ಹೆಚ್ಚಿತ್ತು, ಅದು ನೀರಿನೊಡನೆ ಸೇರಿ ಆಮ್ಲವಾಗುತ್ತಿತ್ತು. ಇದರ ಮೇಲೆ ಮಳೆಗಾಲದ ಹೊಲದ ಹಾದಿಯ ಕೆಸರು ಹೊರಗಿನಿಂದ ಮೆತ್ತಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಹಾಗಾಗಿ ಗಾಡಿ ತೊಳೆಸುವಾಗ ಬಾನೆಟ್ ಮಿಂಚಿದರೆ ಸಾಲದು, ಅಡಿಭಾಗಕ್ಕೂ ನೀರು ಬಿಡಿಸಿ.

ಸೋರಿಕೆ ಹಿಡಿಯಲು ಬೆಳಗಿನ ಹೊತ್ತು, ಬಯಲಲ್ಲಿ, ಎಂಜಿನ್ ತಣ್ಣಗಿರುವಾಗ ನೋಡಬೇಕು. ಗಾಡಿ ಚಾಲೂ ಮಾಡಿ, ಒಬ್ಬರು ಒದ್ದೆ ಗೋಣಿಯನ್ನು ಹಿಂದಿನ ಕೊಳವೆಯ ಬಾಯಿಗೆ ಕೆಲವೇ ಕ್ಷಣ ಒತ್ತಿ ಹಿಡಿಯಲಿ. ತೂತಿದ್ದಲ್ಲಿ ಬುಸ್ ಎಂಬ ಸದ್ದು ಕೇಳುತ್ತದೆ. ಎಂಜಿನ್‌ಗೆ ಅಂಟಿಕೊಂಡ ಎರಕದ ಮ್ಯಾನಿಫೋಲ್ಡ್‌ನ ಸಂದಿಯಲ್ಲಿ ಕಪ್ಪು ಮಸಿಯ ಗೆರೆ ಕಂಡರೆ, ತಣ್ಣಗಿರುವಾಗ ಟಿಕ್ ಟಿಕ್ ಎಂದು ಕಾದ ಮೇಲೆ ಸುಮ್ಮನಾದರೆ, ಅಲ್ಲಿ ಗ್ಯಾಸ್ಕೆಟ್ ಹೋಗಿದೆ ಅಥವಾ ಸ್ಟಡ್ ಮುರಿದಿದೆ ಎಂದು ಅನುಮಾನಿಸಬೇಕು.

ಗ್ಯಾರೇಜುಗಳಲ್ಲಿ ನಡೆಯುವ ಒಂದು ಕೆಲಸವನ್ನು ಖಂಡಿತ ಒಪ್ಪಬಾರದು. ಹಿಂದಿನ ತುಂಡು ಕೊಳೆತಾಗ ಅದನ್ನು ಕತ್ತರಿಸಿ, ಹೊಗೆಯನ್ನು ಸೀಟಿನ ಅಡಿಯಲ್ಲೇ ಬಿಟ್ಟು ಕಳಿಸುತ್ತಾರೆ. ಖರ್ಚು ಉಳಿಯಿತು ಎನಿಸುತ್ತದೆ. ಆದರೆ ಓಡುವ ಗಾಡಿಯ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಹೊಗೆ ಅಲ್ಲಿಗೇ ಸೆಳೆಯಲ್ಪಡುತ್ತದೆ. ಹಿಂದಿನ ಬಾಗಿಲ ಸಂದಿಯಿಂದ, ನೆಲದ ತೂತಿನಿಂದ ಒಳಗೆ ನುಗ್ಗುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಪೆಟ್ರೋಲ್ ಗಾಡಿಗಿಂತ ಡೀಸೆಲ್ ಗಾಡಿ ಇದನ್ನು ಕಡಿಮೆ ಉಗುಳುತ್ತದೆ ನಿಜ, ಆದರೆ ಮಸಿಯನ್ನು ಹೆಚ್ಚು ಉಗುಳುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಮಕ್ಕಳು ತಲೆನೋವು, ವಾಕರಿಕೆ ಎಂದರೆ ಘಟ್ಟದ ತಿರುವಿನ ಮೇಲೆ ತಪ್ಪು ಹೊರಿಸುವ ಮೊದಲು ಗಾಡಿಯ ಅಡಿಗೆ ಬಗ್ಗಿ ನೋಡಿ. ಕೇಂದ್ರ ಮೋಟಾರು ವಾಹನ ನಿಯಮಗಳ (1989) 112ನೆಯ ನಿಯಮವೂ ಹೊಗೆಯನ್ನು ನೆಲದತ್ತ ಅಥವಾ ಎಡಕ್ಕೆ ಬಿಡಬಾರದು ಎನ್ನುತ್ತದೆ. ನಮ್ಮಲ್ಲಿ ಜನ ಹತ್ತಿ ಇಳಿಯುವುದು ಎಡಗಡೆಯಲ್ಲೇ ಅಲ್ಲವೆ?

ಇನ್ನು ಹೊಸ ಕೊಳವೆ. ಕಂಪನಿಯದೇ ಸಿಕ್ಕರೆ ತಕರಾರಿಲ್ಲ. ಮಾಡಿಸುವುದಾದರೆ ಮೂಲ ಕೊಳವೆಯಷ್ಟೇ ಅಗಲ ಇಟ್ಟು, ಲೋಹದಲ್ಲಿ ಮೇಲಕ್ಕೆ ಹೋಗುವುದು ಜಾಣತನ. 409 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಸುಮಾರು ಶೇ. 11ರಷ್ಟು ಕ್ರೋಮಿಯಂ ಇರುತ್ತದೆ, ಅದಕ್ಕೆ ಅಯಸ್ಕಾಂತ ಅಂಟುತ್ತದೆ. 304 ದರ್ಜೆಯಲ್ಲಿ ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕಲ್, ಅದು ದುಬಾರಿ, ಅಯಸ್ಕಾಂತ ಅಷ್ಟಾಗಿ ಹಿಡಿಯುವುದಿಲ್ಲ. 304 ಎಂದು ಹೇಳಿ 409 ಹಾಕಿದರೇ ಎಂದು ನೋಡಲು ಈ ಗುರುತು ನೆರವಾಗುತ್ತದೆ. ಬೋರ್‌ವೆಲ್‌ನ ಜಿಐ ಪೈಪ್ ಮಾತ್ರ ಬೇಡವೇ ಬೇಡ. ಅದರ ಮೇಲಿನ ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, ವೆಲ್ಡಿಂಗ್ ಮಾಡುವಾಗ ಏಳುವ ಅದರ ಹೊಗೆ ಕುಡಿದವರಿಗೆ ಚಳಿಜ್ವರ ಬರುತ್ತದೆ.

ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಸದಾ ಅಲುಗುತ್ತದೆ. ಆ ಅಲುಗಾಟ ನುಂಗಲೆಂದೇ ಹಲವು ಗಾಡಿಗಳ ಕೊಳವೆಯ ನಡುವೆ ಜಾಲರಿ ಸುತ್ತಿದ ಬಾಗುವ ತುಂಡು ಇರುತ್ತದೆ, ಉದ್ದಕ್ಕೂ ರಬ್ಬರ್ ಕೊಂಡಿಗಳಿರುತ್ತವೆ. ಹರಿದ ಬಾಗುವ ತುಂಡಿನ ಜಾಗಕ್ಕೆ ಗಟ್ಟಿ ಪೈಪ್ ಬೆಸೆದರೆ ಆ ನಡುಕವೆಲ್ಲ ಮ್ಯಾನಿಫೋಲ್ಡ್‌ಗೆ ಹೋಗಿ ಕೊನೆಗೆ ಅದೇ ಬಿರಿಯುತ್ತದೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ವೈರ್ ಬಿಚ್ಚಿಸುವುದನ್ನೂ ಮರೆಯಬೇಡಿ.

ಕೊಳವೆ ಬದಲಿಸಿದರೆ ಪಿಕಪ್ ಏರುತ್ತದೆ ಎಂಬ ಮಾತಿದೆ. ಟರ್ಬೊ ಇರುವ ಎಂಜಿನ್‌ನಲ್ಲಿ, ಕಟ್ಟಿಕೊಂಡ ಹಳೆ ಸೈಲೆನ್ಸರ್ ತೆಗೆದಾಗ ಚೂರು ಹಗುರಾದಂತೆ ಕಾಣುವುದುಂಟು. ಮೊದಲ ಕಾಲದ ಸುಮೊ, ಮಾರ್ಷಲ್‌ಗಳಿಗೆ ಟರ್ಬೊ ಇಲ್ಲ, ಅಲ್ಲಿ ಏರುವುದು ಹೆಚ್ಚಾಗಿ ಸದ್ದೇ. ಆ ಸದ್ದಿಗಾಗಿ ಡಬ್ಬಿಯ ಒಳಗನ್ನು ಬಗೆದು ಹಾಕುವುದು, ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಮಾರುವುದು ಅಪರಾಧ. ಕನ್ವರ್ಟರ್ ಒಳಗಿನ ಜೇನುಗೂಡಿನಂಥ ಪಿಂಗಾಣಿಗೆ ಪ್ಲಾಟಿನಂನಂಥ ಬೆಲೆಬಾಳುವ ಲೋಹ ಲೇಪಿಸಿರುತ್ತಾರೆ, ಗಿರಾಕಿಗಳು ಹುಟ್ಟುವುದು ಅದಕ್ಕೇ. ಸದ್ದು, ಹೊಗೆಯ ಮಿತಿ ಮೀರಿದ ಗಾಡಿಗೆ ಮೋಟಾರು ವಾಹನ ಕಾಯ್ದೆಯ 190(2)ನೆಯ ಕಲಮಿನಡಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಆಗಬಹುದು. ಡೀಸೆಲ್ ಗಾಡಿಯ ಹೊಗೆ ತಪಾಸಣೆಯಲ್ಲಿ ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನವಕ್ಕೆ ಹೊಗೆಯ ದಟ್ಟಣೆಯ ಅಳತೆಯ ಮಿತಿ 65, ಸ್ಟೇಜ್ 4ರವಕ್ಕೆ 50. ಖಾಸಗಿ ಗಾಡಿಗೆ 15 ವರ್ಷ ತುಂಬಿ ನೋಂದಣಿ ನವೀಕರಿಸುವಾಗ ಆರ್‌ಟಿಒ ಕಚೇರಿಯವರು ಇದನ್ನೂ ನೋಡುತ್ತಾರೆ.

ಈ ಸೀಮೆಯವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬಿಸಿಯ ಮಾತು. ಸುಗ್ಗಿಯಲ್ಲಿ ಕಣದ ಬದಲು ಡಾಂಬರು ರಸ್ತೆಯ ಮೇಲೇ ರಾಶಿ ಮಾಡುವ ರೂಢಿ ಬೆಳೆದಿದೆ. ಗೋವಿನಜೋಳ ಹರವಿದ್ದರೆ ಚಕ್ರ ಜಾರುವ ಭಯ. ಹುರುಳಿ ಸೊಪ್ಪು ಹಾಸಿದ್ದರೆ ಬೆಂಕಿಯ ಭಯ. ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು, ಕಾದ ಕೊಳವೆಗೆ ಒತ್ತಿ ಕೂತು, ಒಣಗಿದ್ದರಿಂದ ಹೊತ್ತಿಕೊಳ್ಳುತ್ತದೆ. ಗಾಡಿ ನಿಲ್ಲಿಸಿ ಇಳಿಯುವಷ್ಟರಲ್ಲಿ ಸುಟ್ಟು ಕರಕಲಾದ ಕಾರುಗಳ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಸುಗ್ಗಿ ಬಂದಾಗಲೆಲ್ಲ ಬರುತ್ತಿರುತ್ತದೆ. ಕೊಳವೆಗೂ ಸೊಪ್ಪಿಗೂ, ಕೊಳವೆಗೂ ಗಾಡಿಯ ನೆಲಕ್ಕೂ ನಡುವೆ ತಡೆಯಾಗಿರುವುದು ಹೀಟ್ ಶೀಲ್ಡ್ ಎಂಬ ತೆಳು ತಗಡು. ಬೋಲ್ಟ್ ಕೊಳೆತು ಅದು ಗಲಗಲ ಎನ್ನತೊಡಗಿದಾಗ ಸದ್ದು ತಾಳದೆ ಕಿತ್ತು ಎಸೆಯುವವರೇ ಬಹಳ. ಹೊಸ ಸೈಲೆನ್ಸರ್ ಕೂಡಿಸುವ ದಿನವೇ ಆ ತಗಡನ್ನೂ ಹೊಸ ಬೋಲ್ಟ್ ಹಾಕಿಸಿ ಬಿಗಿಮಾಡಿಸಿ. ಸೊಪ್ಪಿನ ಮೇಲೆ ಹಾಯುವುದು ಅನಿವಾರ್ಯವಾದರೆ, ದಾಟಿದ ಕೂಡಲೇ ಗಾಡಿ ನಿಲ್ಲಿಸಿ, ಇಳಿದು, ಅಡಿಗೆ ಸಿಕ್ಕಿಕೊಂಡದ್ದನ್ನು ಕೋಲಿನಿಂದ ಎಳೆದು ತೆಗೆದೇ ಮುಂದೆ ಹೋಗಿ.