ನೆಲದಾಳ ಅಳೆಯುವ ತಂತಿಸುರುಳಿ

ಮೆಟಲ್ ಡಿಟೆಕ್ಟರ್ ಕೊಳ್ಳುವವರು ಹಿಡಿಕೆಯ ಮೇಲಿನ ಪೆಟ್ಟಿಗೆ, ಅದರ ಪರದೆ, ಗುಂಡಿಗಳನ್ನು ನೋಡುತ್ತಾರೆ. ನಿಜವಾದ ಕೆಲಸ ನಡೆಯುವುದು ನೆಲ ಸವರುವ ತಟ್ಟೆಯೊಳಗಿನ ತಾಮ್ರದ ತಂತಿಸುರುಳಿಯಲ್ಲಿ, ಅಂದರೆ ಕಾಯಿಲ್‌ನಲ್ಲಿ. ಕುಣಿಗಲ್ ಕಡೆಯ ರಾಗಿ ಹೊಲದಲ್ಲಿ ಟ್ರ್ಯಾಕ್ಟರಿನಿಂದ ಕಳಚಿಬಿದ್ದ ಬೋಲ್ಟ್ ಸಿಗುವುದೂ ಸಿಗದಿರುವುದೂ ಬಹುಮಟ್ಟಿಗೆ ಈ ಕಾಯಿಲ್‌ನ ಅಳತೆ, ಆಕಾರಗಳ ಮೇಲೆ ನಿಂತಿದೆ.

ಕಾಯಿಲ್‌ನಲ್ಲಿ ಪರ್ಯಾಯ ವಿದ್ಯುತ್ ಹರಿದಾಗ, ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಅದರ ವ್ಯಾಪ್ತಿಗೆ ಬಂದ ಲೋಹದೊಳಗೆ ಸುಳಿಪ್ರವಾಹಗಳು ಏಳುತ್ತವೆ. ಅವುಗಳಿಂದ ಹೊಮ್ಮುವ ಪುಟ್ಟ ಕಾಂತಕ್ಷೇತ್ರವನ್ನು ತಟ್ಟೆಯಲ್ಲಿರುವ ಇನ್ನೊಂದು ಸುರುಳಿ ಗ್ರಹಿಸುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಹೊಕ್ಕಿದ್ದ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಬಳಸಿದ್ದೂ ಇಂಥದೇ ಸುರುಳಿಗಳನ್ನು. ಗುಂಡು ಆಳದಲ್ಲಿತ್ತು, ಹಾಸಿಗೆಯ ಲೋಹದ ಸ್ಪ್ರಿಂಗುಗಳೂ ಅಡ್ಡಬಂದವು, ಗುಂಡು ಸಿಗಲಿಲ್ಲ. ಆಳ ಮತ್ತು ಅಡ್ಡಬರುವ ಬೇರೆ ಸಂಕೇತಗಳು, ಇವೆರಡೇ ಇಂದಿಗೂ ಈ ಯಂತ್ರದ ತೊಡಕುಗಳು.

ಆಳ ಕಾಯಿಲ್‌ನ ಅಗಲವನ್ನು ಮೀರಿದ ಮೇಲೆ ಸಂಕೇತ ಬಹುಬೇಗ ಕುಸಿಯುತ್ತದೆ. ಹೋಗುವಾಗಲೂ ಬರುವಾಗಲೂ ಕ್ಷೇತ್ರ ಕ್ಷೀಣಿಸುವುದರಿಂದ, ಆಳ ಎರಡು ಪಟ್ಟಾದರೆ ಉಳಿಯುವುದು ಸುಮಾರು 64ರಲ್ಲಿ ಒಂದು ಪಾಲು. ದೊಡ್ಡ ಕಾಯಿಲ್ ದೊಡ್ಡ ವಸ್ತುವನ್ನು ಹೆಚ್ಚು ಆಳದಲ್ಲಿ ಹಿಡಿಯುತ್ತದೆ, ನಿಜ. ಆದರೆ ಅದರ ಕ್ಷೇತ್ರ ಅಗಲಕ್ಕೆ ಹರಡಿ ತೆಳುವಾಗುವುದರಿಂದ ಮೇಲ್ಪದರದ ಸಣ್ಣ ಮೊಳೆ, ನಾಣ್ಯಗಳು ತಪ್ಪಿಹೋಗಬಹುದು.

ಆಕಾರದ ವಿಷಯಕ್ಕೆ ಬಂದರೆ, ಒಂದರೊಳಗೊಂದು ವೃತ್ತವಿರುವ ಕಾಯಿಲ್ ನೆಲದೊಳಗೆ ಕೆಳಕ್ಕೆ ಕಿರಿದಾಗುವ ಶಂಕುವಿನಷ್ಟು ಜಾಗವನ್ನು ಪರೀಕ್ಷಿಸುತ್ತದೆ. ವಸ್ತು ಇರುವ ಜಾಗವನ್ನು ಕರಾರುವಾಕ್ಕಾಗಿ ತೋರಿಸುವುದು ಅದರ ಗುಣ. ಆದರೆ ಎರಡು ಬೀಸುಗಳ ನಡುವೆ ಆಳದಲ್ಲಿ ನೋಡದ ಜಾಗ ಉಳಿಯುತ್ತದೆ. ಅದಕ್ಕೇ ಅರ್ಧರ್ಧ ಮೇಲೆಮೇಲೆ ಬರುವಂತೆ ಬೀಸಬೇಕು. ಬೆನ್ನಿಗೆ ಬೆನ್ನು ಕೊಟ್ಟ ಎರಡು ‘ಡಿ’ಗಳನ್ನು ನಡುವೆ ಒಂದರ ಮೇಲೊಂದು ಬರುವಂತೆ ಜೋಡಿಸಿದ ಡಬಲ್-ಡಿ ಕಾಯಿಲ್ ಕುಂಟೆಯ ಅಲಗಿನಂತೆ ಉದ್ದಕ್ಕೂ ನೆಲ ಸವರುತ್ತದೆ. ಕಡಿಮೆ ಬೀಸಿನಲ್ಲಿ ಹೊಲ ಮುಗಿಯುತ್ತದೆ. ಮೊಟ್ಟೆಯಾಕಾರದ ಕಾಯಿಲ್ ಕೂಳೆಗಳ ನಡುವೆ, ಅಡಿಕೆ ಮರಗಳ ಬುಡದಲ್ಲಿ ಸಲೀಸಾಗಿ ನುಸುಳುತ್ತದೆ. ಅಕ್ಕಪಕ್ಕದ ಎರಡು ಚೂರುಗಳನ್ನು ಬೇರೆಬೇರೆಯಾಗಿ ಗುರುತಿಸುವುದೂ ಅದಕ್ಕೆ ಸುಲಭ. ಅಷ್ಟೇ ಉದ್ದದ ಗುಂಡನೆಯ ಕಾಯಿಲ್‌ನಷ್ಟು ಆಳ ಮಾತ್ರ ಅದಕ್ಕೆ ಎಟುಕದು.

ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಮಣ್ಣನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲಿನ ಮಣ್ಣನ್ನು ಕೆಂಪಾಗಿಸಿರುವುದು ಕಬ್ಬಿಣದ ಆಕ್ಸೈಡ್. ಗುಬ್ಬಿಗೆ ಹೊಂದಿಕೊಂಡ ಚಿಕ್ಕನಾಯಕನಹಳ್ಳಿ ಸೀಮೆಯಂತೂ ಕಬ್ಬಿಣ, ಮ್ಯಾಂಗನೀಸ್ ಅದಿರಿನ ನೆಲ. ಇಂಥ ಕಡೆ ಮಣ್ಣೇ ಸಂಕೇತ ಕೊಡಬಲ್ಲದು, ಕಾಯಿಲ್ ದೊಡ್ಡದಾದಷ್ಟೂ ಮಣ್ಣಿನ ಗದ್ದಲ ಹೆಚ್ಚು. ಮಧ್ಯಮ ಗಾತ್ರದ ಡಬಲ್-ಡಿ ಒಮ್ಮೆಗೆ ನೆಲದ ಕಿರಿದಾದ ಪಟ್ಟಿಯನ್ನಷ್ಟೇ ನೋಡುವುದರಿಂದ ನಮ್ಮ ಕೆಂಪು ನೆಲಕ್ಕೆ ಅದೇ ಲೇಸು.

ಇಷ್ಟು ತಿಳಿದರೆ, ಹತ್ತಾರು ಅಡಿ ಆಳದ ಚಿನ್ನವನ್ನು ಕೈಯಲ್ಲಿ ಹಿಡಿದ ಯಂತ್ರ ತೋರಿಸುತ್ತದೆ ಎನ್ನುವ ಮಾತು ಏಕೆ ಸುಳ್ಳೆಂಬುದು ತಾನಾಗಿ ತಿಳಿಯುತ್ತದೆ. ಒಂದು ನಾಣ್ಯ ಒಳ್ಳೆಯ ಮಣ್ಣಿನಲ್ಲೂ ಸಾಮಾನ್ಯವಾಗಿ ಕಾಯಿಲ್‌ನ ಅಗಲದಷ್ಟು ಆಳದವರೆಗೆ ಮಾತ್ರ ಸಿಗುತ್ತದೆ. ಅಂಥ ಮಾತು ನಂಬಿ ಪಾಳು ಗುಡಿಗಳ ಗರ್ಭಗುಡಿ ಅಗೆಯುವವರು ನಿಧಿ ಪಡೆಯುವುದಿಲ್ಲ, ನಾಡಿನ ಚರಿತ್ರೆಯನ್ನು ಕೆಡಿಸುತ್ತಾರೆ. ನಿಮ್ಮ ಊರಿನಲ್ಲಿ ಯಾರಾದರೂ ಇಂಥ ಯಂತ್ರ ಹಿಡಿದು ಹಳೆಯ ಗುಡಿಯ ಸುತ್ತ ಸುಳಿದಾಡುತ್ತಿದ್ದರೆ ದಯವಿಟ್ಟು ಪೊಲೀಸರಿಗೆ ತಿಳಿಸಿ.