ಮಹಾನಗರದ ಅಪರಾಧ ದರ: ಅಂಕಿ-ಅಂಶಗಳ ಅರ್ಥ ಹಾಗೂ ದೂರುದಾರರಿಗೆ ಮಾಹಿತಿ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಬಿಳಗಿ ಹಾಗೂ ಸುತ್ತಲಿನ ಗ್ರಾಮಗಳಿಂದ, ನೆರೆಯ ಶಿರಸಿ ಮತ್ತು ಯಲ್ಲಾಪುರ ತಾಲ್ಲೂಕುಗಳಿಂದ ವ್ಯಾಸಂಗ ಹಾಗೂ ಉದ್ಯೋಗಕ್ಕಾಗಿ ಬೆಂಗಳೂರಿಗೆ ತೆರಳಿ ನೆಲೆಸಿದವರು ಅನೇಕರು. ಬೆಂಗಳೂರಿನಲ್ಲಿ ಅಪರಾಧ ಹೆಚ್ಚಿದೆ ಎಂಬ ಸುದ್ದಿ ಪ್ರಕಟವಾದಾಗ ಊರಿನಲ್ಲಿರುವ ಕುಟುಂಬದವರು ಆತಂಕಗೊಳ್ಳುವುದು ಸಹಜ. ಇಂತಹ ಸುದ್ದಿಗಳಲ್ಲಿ ನಮೂದಾಗುವ ಅಂಕಿ-ಅಂಶಗಳು ಏನನ್ನು ಅಳೆಯುತ್ತವೆ, ಏನನ್ನು ಅಳೆಯುವುದಿಲ್ಲ ಮತ್ತು ಅಪರಾಧಕ್ಕೆ ಗುರಿಯಾದ ನಾಗರಿಕರು ದೂರು ದಾಖಲಿಸುವಾಗ ಯಾವ ಅಂಶಗಳನ್ನು ಗಮನಿಸಬೇಕು ಎಂಬುದನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಅಪರಾಧ ದರ ಎಂದರೇನು?

ಒಂದು ವರ್ಷದಲ್ಲಿ ಪೊಲೀಸ್ ಠಾಣೆಗಳಲ್ಲಿ ದಾಖಲಾದ ಪ್ರಕರಣಗಳ ಸಂಖ್ಯೆಯನ್ನು ಆ ಪ್ರದೇಶದ ಜನಸಂಖ್ಯೆಗೆ ಹೋಲಿಸಿ, ಪ್ರತಿ ಒಂದು ಲಕ್ಷ ಜನರಿಗೆ ಎಷ್ಟು ಪ್ರಕರಣಗಳು ಎಂದು ಲೆಕ್ಕ ಹಾಕಿದಾಗ ದೊರೆಯುವ ಸಂಖ್ಯೆಯೇ ಅಪರಾಧ ದರ. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ರಾಜ್ಯಗಳಿಂದ ಮಾಹಿತಿ ಪಡೆದು ವಾರ್ಷಿಕ ವರದಿಯಲ್ಲಿ ಈ ದರವನ್ನು ಪ್ರಕಟಿಸುತ್ತದೆ.

ಸಿದ್ದಾಪುರ ತಾಲ್ಲೂಕಿನ ಜನಸಂಖ್ಯೆಯು ಒಂದು ಲಕ್ಷದ ಆಸುಪಾಸಿನಲ್ಲಿರುವುದರಿಂದ, ದರವನ್ನು ಗ್ರಹಿಸಲು ಈ ತಾಲ್ಲೂಕನ್ನೇ ಅಳತೆಗೋಲಾಗಿ ಭಾವಿಸಬಹುದು. 2011ರ ಜನಗಣತಿಯಂತೆ ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆ ಸುಮಾರು 85 ಲಕ್ಷ. ಅಂದರೆ ಅದು ಸಿದ್ದಾಪುರದಂತಹ ಸುಮಾರು 85 ತಾಲ್ಲೂಕುಗಳಿಗೆ ಸಮಾನ. ಆದ್ದರಿಂದ ಎರಡು ಸ್ಥಳಗಳ ಪ್ರಕರಣಗಳ ಒಟ್ಟು ಸಂಖ್ಯೆಯನ್ನು ನೇರವಾಗಿ ಹೋಲಿಸದೆ, ದರವನ್ನು ಹೋಲಿಸುವುದು ಸೂಕ್ತ. ಆದರೆ ಚಿಕ್ಕ ಪ್ರದೇಶಗಳ ವಿಷಯದಲ್ಲಿ ದರವನ್ನೂ ಎಚ್ಚರಿಕೆಯಿಂದ ನೋಡಬೇಕಾಗುತ್ತದೆ. ಒಂದು ತಾಲ್ಲೂಕಿನಲ್ಲಿ ಒಂದು ವರ್ಷ ಒಂದು ಕೊಲೆ ಪ್ರಕರಣ, ಮರುವರ್ಷ ಎರಡು ಪ್ರಕರಣ ದಾಖಲಾದರೆ ಶೇಕಡಾ 100ರಷ್ಟು ಏರಿಕೆ ಎಂದಾಗುತ್ತದೆ. ಇಷ್ಟರಿಂದ ಒಂದು ಪ್ರವೃತ್ತಿ ಆರಂಭವಾಗಿದೆ ಎಂದು ಹೇಳಲಾಗದು.

2. ಯಾವ ಪ್ರಕರಣಗಳು ಎಣಿಕೆಗೆ ಸೇರುತ್ತವೆ?

ಅಪರಾಧ ದರವು ನಡೆದ ಅಪರಾಧಗಳ ಅಳತೆಯಲ್ಲ, ದಾಖಲಾದ ಪ್ರಕರಣಗಳ ಅಳತೆ. ಈ ವ್ಯತ್ಯಾಸವನ್ನು ಬ್ಯೂರೋ ಕೂಡ ತನ್ನ ವರದಿಗಳಲ್ಲಿ ಸ್ಪಷ್ಟಪಡಿಸಿದೆ. ಎಣಿಕೆಯ ಮುಖ್ಯ ನಿಯಮಗಳು ಈ ಕೆಳಗಿನಂತಿವೆ:

• ಎಫ್.ಐ.ಆರ್. ಎಂದು ಪರಿಚಿತವಾಗಿರುವ ಪ್ರಥಮ ವರ್ತಮಾನ ವರದಿ ದಾಖಲಾದ ಸಂಜ್ಞೇಯ ಅಪರಾಧಗಳು ಮಾತ್ರ ಎಣಿಕೆಗೆ ಸೇರುತ್ತವೆ. ದೂರನ್ನೇ ನೀಡದ ಘಟನೆ ಲೆಕ್ಕಕ್ಕೆ ಬರುವುದಿಲ್ಲ.

• ಒಂದೇ ವರದಿಯಲ್ಲಿ ಹಲವು ಅಪರಾಧಗಳಿದ್ದಲ್ಲಿ, ಅವುಗಳಲ್ಲಿ ಅತಿ ಹೆಚ್ಚು ಶಿಕ್ಷೆಯುಳ್ಳ ಒಂದನ್ನು ಮಾತ್ರ ಎಣಿಸಲಾಗುತ್ತದೆ. ಸುಲಿಗೆಯ ಸಂದರ್ಭದಲ್ಲಿ ಕೊಲೆಯಾದರೆ ಅದು ಕೊಲೆಯ ಪಟ್ಟಿಗೆ ಸೇರುತ್ತದೆ.

• ಪ್ರಕರಣವನ್ನು ಅದು ದಾಖಲಾದ ವರ್ಷಕ್ಕೆ ಎಣಿಸಲಾಗುತ್ತದೆ. ಹಿಂದೆ ನಡೆದ ವಂಚನೆಯ ಬಗ್ಗೆ ಈ ವರ್ಷ ದೂರು ನೀಡಿದರೆ ಅದು ಈ ವರ್ಷದ ಅಂಕಿಯಾಗುತ್ತದೆ.

ಹೀಗಾಗಿ ಠಾಣೆಗಳು ಹೆಚ್ಚಿದಾಗ, ದೂರು ನೀಡುವುದು ಸುಲಭವಾದಾಗ ಅಥವಾ ಜನರಲ್ಲಿ ಅರಿವು ಮೂಡಿದಾಗ, ಅಪರಾಧಗಳು ಹೆಚ್ಚದಿದ್ದರೂ ದರ ಏರಬಹುದು. ಸಂಜ್ಞೇಯ ಅಪರಾಧದ ಮಾಹಿತಿ ದೊರೆತಾಗ ಪ್ರಥಮ ವರ್ತಮಾನ ವರದಿ ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ಇದೂ ದಾಖಲಾತಿಯ ಮೇಲೆ ಪರಿಣಾಮ ಬೀರುವ ಸಂಗತಿಯಾಗಿದೆ.

3. ಜನಸಂಖ್ಯೆಯ ಪಾತ್ರ

ಜನಗಣತಿಯ ಪ್ರಕಾರ ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆಯು 1981ರಲ್ಲಿ ಸುಮಾರು 29 ಲಕ್ಷ, 1991ರಲ್ಲಿ 41 ಲಕ್ಷ, 2001ರಲ್ಲಿ 57 ಲಕ್ಷ ಹಾಗೂ 2011ರಲ್ಲಿ 85 ಲಕ್ಷದಷ್ಟಿತ್ತು. 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಜನಸಂಖ್ಯೆ ಒಂದೂವರೆ ಪಟ್ಟಾಗಿದೆ. ಪ್ರಕರಣಗಳೂ ಒಂದೂವರೆ ಪಟ್ಟಾಗಿದ್ದಲ್ಲಿ ದರ ಇದ್ದಷ್ಟೇ ಇರುತ್ತದೆ.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಲ್ಪಟ್ಟ ಕಾರಣ, ಬ್ಯೂರೋದ 2023ರ ವರದಿಯವರೆಗೂ ಮಹಾನಗರಗಳ ದರವನ್ನು 2011ರ ಜನಸಂಖ್ಯೆಯ ಆಧಾರದ ಮೇಲೆಯೇ ಲೆಕ್ಕ ಹಾಕಲಾಗಿದೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅನ್ನು ಆಧಾರ ದಿನಾಂಕವಾಗಿ ನಿಗದಿಪಡಿಸಲಾಗಿದೆ. 2011ರ ನಂತರ ಬೆಂಗಳೂರಿಗೆ ಬಂದು ನೆಲೆಸಿದವರ ದೂರುಗಳು ಪ್ರಕರಣಗಳ ಸಂಖ್ಯೆಗೆ ಸೇರುತ್ತವೆ. ಆದರೆ ಅವರು ಜನಸಂಖ್ಯೆಯಲ್ಲಿ ಸೇರಿರುವುದಿಲ್ಲ. ಪ್ರತಿದಿನ ಬಂದು ಹೋಗುವ ಪ್ರಯಾಣಿಕರ ವಿಷಯವೂ ಹೀಗೆಯೇ. ಆದ್ದರಿಂದ ಪ್ರಕಟಿತ ದರವು ವಾಸ್ತವಕ್ಕಿಂತ ಹೆಚ್ಚಾಗಿ ತೋರುವ ಸಂಭವವಿದೆ.

ಇದರೊಂದಿಗೆ ಹೋಲಿಕೆಯ ಪಟ್ಟಿಯೂ ಬದಲಾಗಿದೆ. 2015ರವರೆಗೆ ಬ್ಯೂರೋ 53 ನಗರಗಳ ಪಟ್ಟಿ ನೀಡುತ್ತಿತ್ತು. 2016ರಿಂದ 20 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ 19 ಮಹಾನಗರಗಳನ್ನು ಮಾತ್ರ ಪರಿಗಣಿಸಲಾಗುತ್ತಿದೆ. ಆ ಮುಂಚಿನ ಮತ್ತು ನಂತರದ ಪಟ್ಟಿಗಳಲ್ಲಿ ಒಂದು ನಗರದ ಸ್ಥಾನವನ್ನು ಹೋಲಿಸುವುದು ಸಮಂಜಸವಲ್ಲ.

4. ಬೆಂಗಳೂರು: ಎರಡು ಬಗೆಯ ಅಪರಾಧ, ಎರಡು ಬಗೆಯ ಏರಿಳಿತ

ಕೊಲೆ ಪ್ರಕರಣಗಳು ಬಹುಮಟ್ಟಿಗೆ ಪೊಲೀಸರ ಗಮನಕ್ಕೆ ಬರುತ್ತವೆ. ಆದ್ದರಿಂದ ಕೊಲೆಯ ಅಂಕಿಯು ಹೆಚ್ಚು ವಿಶ್ವಾಸಾರ್ಹ ಸೂಚಕವೆಂದು ಪರಿಗಣಿತವಾಗಿದೆ. ಬೆಂಗಳೂರಿನಲ್ಲಿ 2020ರಲ್ಲಿ 179, 2021ರಲ್ಲಿ 152 ಹಾಗೂ 2022ರಲ್ಲಿ 173 ಕೊಲೆ ಪ್ರಕರಣಗಳು ದಾಖಲಾಗಿವೆ. ಅಂದರೆ ಲಕ್ಷ ಜನರಿಗೆ ಸುಮಾರು ಎರಡು.

ಸೈಬರ್ ಅಪರಾಧದ ಚಿತ್ರ ಇದಕ್ಕಿಂತ ಭಿನ್ನವಾಗಿದೆ. ಬೆಂಗಳೂರಿನಲ್ಲಿ ದಾಖಲಾದ ಪ್ರಕರಣಗಳು ಹಾಗೂ ಲಕ್ಷ ಜನಸಂಖ್ಯೆಗೆ ದರ:

2018 – 5,253 ಪ್ರಕರಣಗಳು – ದರ 61.8
2019 – 10,555 ಪ್ರಕರಣಗಳು – ದರ 124.2
2020 – 8,892 ಪ್ರಕರಣಗಳು – ದರ 104.6
2021 – 6,423 ಪ್ರಕರಣಗಳು – ದರ 75.6
2022 – 9,940 ಪ್ರಕರಣಗಳು – ದರ 116.9
2023 – 17,631 ಪ್ರಕರಣಗಳು – ದರ 207.4

2023ರಲ್ಲಿ ದೇಶದಾದ್ಯಂತ ದಾಖಲಾದ 86,420 ಸೈಬರ್ ಪ್ರಕರಣಗಳ ಪೈಕಿ ಕರ್ನಾಟಕದ ಪಾಲು 21,889. ಇದರಲ್ಲಿ ಬೆಂಗಳೂರಿನ ಪಾಲೇ ಬಹುಭಾಗ. ಮೊಬೈಲ್ ಮೂಲಕ ಹಣ ಪಾವತಿ ವ್ಯಾಪಕವಾಗಿ, ವಂಚನೆ ಹೆಚ್ಚಿರುವುದರಲ್ಲಿ ಸಂದೇಹವಿಲ್ಲ. ಆದರೆ 2020 ಮತ್ತು 2021ರಲ್ಲಿ ಜನರು ಆನ್‌ಲೈನ್ ವ್ಯವಹಾರವನ್ನು ಹೆಚ್ಚಾಗಿ ಅವಲಂಬಿಸಿದ್ದಾಗಲೇ ಪ್ರಕರಣಗಳ ಸಂಖ್ಯೆ ಇಳಿದಿರುವುದನ್ನು ಗಮನಿಸಬೇಕು. ವಂಚನೆ ಅದೇ ಪ್ರಮಾಣದಲ್ಲಿ ಕಡಿಮೆಯಾಯಿತು ಎಂದು ಇದನ್ನು ಅರ್ಥೈಸುವುದು ಸರಿಯಾಗದು. ಎಷ್ಟು ದೂರುಗಳು ಪ್ರಕರಣಗಳಾಗಿ ದಾಖಲಾಗುತ್ತವೆ ಎಂಬುದು ವರ್ಷದಿಂದ ವರ್ಷಕ್ಕೆ ವ್ಯತ್ಯಾಸವಾಗುತ್ತದೆ.

ಇಂತಹ ವಂಚನೆಗೆ ನಗರದ ಗಡಿ ಇಲ್ಲ. ಬಿಳಗಿಯ ಮನೆಯಲ್ಲಿರುವ ಹಿರಿಯರಿಗೂ ಬೆಂಗಳೂರಿನ ಉದ್ಯೋಗಿಗೂ ಅದೇ ವಂಚಕ ಕರೆ ಬರಬಹುದು. ಕೊಲೆ, ದರೋಡೆಗಳ ಬಗ್ಗೆ ಮಕ್ಕಳಿಗೆ ಎಚ್ಚರಿಕೆ ಹೇಳುವ ಕುಟುಂಬಗಳು ತಮ್ಮ ಬ್ಯಾಂಕ್ ಖಾತೆಯ ಬಗ್ಗೆಯೂ ಅಷ್ಟೇ ಎಚ್ಚರದಿಂದಿರುವುದು ಅಗತ್ಯ.

5. ಕಾನೂನಿನ ಬದಲಾವಣೆಗಳು

ಹೊಸ ಕಾನೂನು ಜಾರಿಯಾದಾಗ ಅಂಕಿ-ಅಂಶಗಳ ಸರಣಿ ಬದಲಾಗುತ್ತದೆ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂದಿತು. 2013ರ ತಿದ್ದುಪಡಿಯು ಅತ್ಯಾಚಾರದ ವ್ಯಾಖ್ಯೆಯನ್ನು ವಿಸ್ತರಿಸಿ, ಹಿಂಬಾಲಿಸಿ ಪೀಡಿಸುವುದನ್ನು ಪ್ರತ್ಯೇಕ ಅಪರಾಧವನ್ನಾಗಿಸಿತು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಇಂತಹ ವರ್ಷಗಳ ಆಚೀಚಿನ ಅಂಕಿಗಳನ್ನು ಹೋಲಿಸುವಾಗ, ಎರಡೂ ಕಡೆ ಒಂದೇ ವಿಷಯವನ್ನು ಎಣಿಸಲಾಗಿದೆಯೇ ಎಂದು ಪರಿಶೀಲಿಸಬೇಕು.

6. ದೂರು ದಾಖಲಿಸುವ ಬಗ್ಗೆ

ಸಾರ್ವಜನಿಕರು ಸಾಮಾನ್ಯವಾಗಿ ಗಮನಿಸದ ಒಂದು ಅಂಶವಿದೆ. ಬಸ್ ನಿಲ್ದಾಣದಲ್ಲಿ ಕಳವಾದ ಮೊಬೈಲನ್ನು "ಕಳೆದುಹೋಗಿದೆ" ಎಂದು ನಮೂದಿಸಿ ಸ್ವೀಕೃತಿ ಪಡೆದರೆ, ಅದು ಕಳವಿನ ಪ್ರಕರಣವಾಗುವುದಿಲ್ಲ. ಕಳೆದುಹೋದ ವಸ್ತುವಿನ ಸ್ವೀಕೃತಿಯು ಹೊಸ ಸಿಮ್ ಅಥವಾ ನಕಲು ದಾಖಲೆ ಪಡೆಯಲು ಉಪಯುಕ್ತ. ಆದರೆ ಅದು ಪ್ರಥಮ ವರ್ತಮಾನ ವರದಿಯಲ್ಲ. ಅದರಿಂದ ಕಳವಿನ ತನಿಖೆ ಆರಂಭವಾಗುವುದಿಲ್ಲ, ಅಂಕಿ-ಅಂಶಕ್ಕೂ ಸೇರುವುದಿಲ್ಲ. ಕಳವು ನಡೆದಿದ್ದಲ್ಲಿ ಕಳವು ಎಂದೇ ಬರೆದುಕೊಡುವುದು ದೂರುದಾರರ ಹಿತಕ್ಕೂ ಅವಶ್ಯ. ವಾಹನ ಕಳವಿನ ವಿಮೆ ಕೋರುವಾಗ ಪ್ರಥಮ ವರ್ತಮಾನ ವರದಿಯನ್ನೂ, ವಾಹನ ಪತ್ತೆಯಾಗದಿದ್ದಲ್ಲಿ 'ಸಿ' ವರದಿ ಎಂದು ಕರೆಯಲಾಗುವ ಅಂತಿಮ ವರದಿಯನ್ನೂ ವಿಮಾ ಕಂಪನಿಗಳು ಕೇಳುತ್ತವೆ.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೆಂಗಳೂರಿನಲ್ಲಿ ಕಳವಾಗಿದ್ದು, ಊರಿಗೆ ಮರಳಿದ ನಂತರ ಗಮನಕ್ಕೆ ಬಂದಲ್ಲಿ ಸಿದ್ದಾಪುರದಲ್ಲಿ ದೂರು ನೀಡಬಹುದೇ?
ಉತ್ತರ: ನೀಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣದಂತೆ, ಅಪರಾಧ ನಡೆದ ಸ್ಥಳ ಯಾವುದೇ ಆಗಿದ್ದರೂ ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ನೀಡಬಹುದಾಗಿದೆ. ಇದಕ್ಕೆ ಶೂನ್ಯ ಎಫ್.ಐ.ಆರ್. ಎನ್ನುತ್ತಾರೆ. ನಂತರ ಅದನ್ನು ಸಂಬಂಧಿತ ಠಾಣೆಗೆ ವರ್ಗಾಯಿಸಲಾಗುತ್ತದೆ.

ಪ್ರಶ್ನೆ: ವಿದ್ಯುನ್ಮಾನ ಮಾಧ್ಯಮದ ಮೂಲಕ ದೂರು ನೀಡಿದರೆ ಸಾಕೇ?
ಉತ್ತರ: ಸಾಲದು. ಮಾಹಿತಿ ನೀಡಿದವರು ಮೂರು ದಿನಗಳೊಳಗೆ ಅದಕ್ಕೆ ಸಹಿ ಮಾಡಬೇಕು. ಆ ನಂತರವೇ ಅದನ್ನು ದಾಖಲೆಗೆ ತೆಗೆದುಕೊಳ್ಳಲಾಗುತ್ತದೆ.

ಪ್ರಶ್ನೆ: ಪ್ರತಿಗೆ ಶುಲ್ಕವಿದೆಯೇ?
ಉತ್ತರ: ಇಲ್ಲ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ನೀಡತಕ್ಕದ್ದು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ತಿಳಿಸಬೇಕೆಂದೂ ಕಾನೂನಿನಲ್ಲಿದೆ.

ಪ್ರಶ್ನೆ: ಠಾಣೆಯಲ್ಲಿ ದೂರು ದಾಖಲಿಸಲು ನಿರಾಕರಿಸಿದರೆ ಏನು ಮಾಡಬೇಕು?
ಉತ್ತರ: ದೂರಿನ ಸಾರಾಂಶವನ್ನು ಲಿಖಿತವಾಗಿ ಅಂಚೆ ಮೂಲಕ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು. ಉತ್ತರ ಕನ್ನಡ ಜಿಲ್ಲೆಯಲ್ಲಿ ಅಧೀಕ್ಷಕರ ಕಚೇರಿ ಕಾರವಾರದಲ್ಲಿದೆ. ಅಲ್ಲಿಯೂ ಕ್ರಮವಾಗದಿದ್ದಲ್ಲಿ ದಂಡಾಧಿಕಾರಿಗಳ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು.

ಪ್ರಶ್ನೆ: ಖಾತೆಯಿಂದ ಹಣ ವಂಚನೆಯಾದಲ್ಲಿ ಮೊದಲು ಏನು ಮಾಡಬೇಕು?
ಉತ್ತರ: ತಕ್ಷಣ 1930 ಸಹಾಯವಾಣಿಗೆ ಕರೆ ಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ಸಲ್ಲಿಸಬೇಕು. ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ದಾಟುವ ಮುನ್ನ ತಡೆಹಿಡಿಯಲು ಸಾಧ್ಯವಾಗುವುದು ಆರಂಭದ ಅವಧಿಯಲ್ಲಿಯೇ. ಮರುದಿನದವರೆಗೆ ಕಾಯುವುದು ಹಾನಿಕರ. ಜಿಲ್ಲೆಯ ಸೈಬರ್ ಪ್ರಕರಣಗಳಿಗಾಗಿ ಕಾರವಾರದಲ್ಲಿ ಸಿ.ಇ.ಎನ್. ಅಪರಾಧ ಪೊಲೀಸ್ ಠಾಣೆ ಇದೆ.

8. ಸಾರ್ವಜನಿಕರ ಗಮನಕ್ಕೆ

ಅಪರಾಧ ದರದ ಬಗ್ಗೆ ಯಾವುದೇ ವರದಿ ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಸೂಕ್ತ: ಯಾವ ಅಪರಾಧವನ್ನು ಎಣಿಸಲಾಗಿದೆ? ಯಾವ ವರ್ಷದ ಜನಸಂಖ್ಯೆಯಿಂದ ಭಾಗಿಸಲಾಗಿದೆ? ದೂರು ದಾಖಲಿಸುವ ವ್ಯವಸ್ಥೆ ಅಥವಾ ಕಾನೂನು ಈ ಮಧ್ಯೆ ಬದಲಾಗಿದೆಯೇ? ಈ ಮೂರಕ್ಕೂ ಉತ್ತರ ದೊರೆಯದೆ ನಗರವು ಸುರಕ್ಷಿತವೆಂದಾಗಲಿ, ಅಸುರಕ್ಷಿತವೆಂದಾಗಲಿ ನಿರ್ಣಯಿಸುವುದು ಆತುರವಾದೀತು.

ದಾಖಲಾಗದ ಅಪರಾಧಕ್ಕೆ ತನಿಖೆಯಿಲ್ಲ, ಪರಿಹಾರವೂ ಇಲ್ಲ. ನಷ್ಟ ಚಿಕ್ಕದೆಂದೋ, ಮುಜುಗರವೆಂದೋ ದೂರು ನೀಡದಿದ್ದಲ್ಲಿ ಅದೇ ವಂಚಕನಿಗೆ ಮತ್ತೊಬ್ಬರು ಗುರಿಯಾಗುತ್ತಾರೆ. ದೂರುಗಳು ಸರಿಯಾಗಿ ದಾಖಲಾಗಿ ದರ ಏರಿದರೆ ಗಾಬರಿಗೊಳ್ಳುವ ಕಾರಣವಿಲ್ಲ. ಆದ್ದರಿಂದ ಅಪರಾಧಕ್ಕೆ ಗುರಿಯಾದವರು ವಿಳಂಬ ಮಾಡದೆ ದೂರು ನೀಡಿ, ವರದಿಯ ಪ್ರತಿಯನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳುವಂತೆ ಕೋರಲಾಗಿದೆ. ತುರ್ತು ಸಂದರ್ಭಗಳಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದಾಗಿದೆ.