ಯಂತ್ರದ ಸಾರಾಂಶವೂ ಅದರ ಪರೀಕ್ಷೆಯೂ

ದೊಡ್ಡದನ್ನು ಚಿಕ್ಕದಾಗಿ ಹೇಳುವ ವಿದ್ಯೆಯು ನಮ್ಮ ದೇಶಕ್ಕೆ ಹೊಸದಲ್ಲ. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ಮಹಾಭಾರತವನ್ನು 'ಭಾರತಮಂಜರಿ'ಯಾಗಿ ಸಂಗ್ರಹಿಸಿದನು. ಭಟ್ಟೋಜಿ ದೀಕ್ಷಿತರ 'ಸಿದ್ಧಾಂತಕೌಮುದಿ'ಯನ್ನು ಅವರ ಶಿಷ್ಯರಾದ ವರದರಾಜರು 'ಲಘುಸಿದ್ಧಾಂತಕೌಮುದಿ'ಯಾಗಿ ಇಳಿಸಿದ್ದರಿಂದಲೇ ಎಷ್ಟೋ ಬಾಲಕರಿಗೆ ಪಾಣಿನಿಯ ಬಾಗಿಲು ತೆರೆಯಿತು. ಇವರಿಬ್ಬರೂ ಮೂಲವನ್ನು ಅರೆದು ಕುಡಿದ ಬಳಿಕ ಸಂಗ್ರಹಕ್ಕೆ ಕೈಹಾಕಿದವರು. ಈಗಲಾದರೋ ಗಣಕಯಂತ್ರವು ಆ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ. ಹತ್ತು ಪುಟದ ಕಾಗದವನ್ನು ಮೊಬೈಲಿಗೆ ಒಪ್ಪಿಸಿದರೆ ಹತ್ತು ಸಾಲಿನ ಸಾರಾಂಶವು ಸಿದ್ಧವಾಗುತ್ತದೆ. ಬ್ಯಾಂಕಿನ ಕರಾರು, ವಿಮೆಯ ಷರತ್ತು, ದವಾಖಾನೆಯ ವರದಿ ಮುಂತಾದವುಗಳನ್ನು ಹೀಗೆ ಓದುವ ರೂಢಿಯು ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿಯೂ ಕಾಲಿಡುತ್ತಿದೆ. ಆದಕಾರಣ ಯಂತ್ರವು ಸಾರವನ್ನು ಹೇಗೆ ತೆಗೆಯುತ್ತದೆ, ತೆಗೆದುದು ಸರಿಯೆಂದು ಹೇಗೆ ನಿರ್ಣಯಿಸುತ್ತಾರೆ ಎಂಬುದನ್ನು ಗೃಹಸ್ಥರು ತಿಳಿದಿರುವದು ಅವಶ್ಯವು.

ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವದಕ್ಕೆ ನಮ್ಮ ಶಾಸ್ತ್ರಕಾರರು ಆರು ಲಿಂಗಗಳನ್ನು, ಎಂದರೆ ಗುರುತುಗಳನ್ನು, ಹೇಳಿರುವರು. ಆರಂಭ ಮುಕ್ತಾಯಗಳ ಹೊಂದಿಕೆಯು ಉಪಕ್ರಮೋಪಸಂಹಾರ; ಒಂದೇ ವಿಷಯವನ್ನು ಮರಳಿ ಮರಳಿ ಹೇಳುವದು ಅಭ್ಯಾಸ; ಬೇರೆಡೆಯಲ್ಲಿ ದೊರೆಯದ ಸಂಗತಿಯನ್ನು ತಿಳಿಸುವದು ಅಪೂರ್ವತೆ; ಆ ಮಾತಿನಿಂದ ಸಿದ್ಧಿಸುವ ಪ್ರಯೋಜನವು ಫಲ; ಸ್ತುತಿ ನಿಂದೆಗಳ ರೂಪದ ಮಾತು ಅರ್ಥವಾದ; ಯುಕ್ತಿಯ ಸಮರ್ಥನೆಯು ಉಪಪತ್ತಿ. ಯಂತ್ರದ ಸಾರಾಂಶವಿದ್ಯೆಯ ಚರಿತ್ರೆಯನ್ನು ನೋಡಿದರೆ, ಪಾಶ್ಚಾತ್ಯ ಪಂಡಿತರು ಇವುಗಳಲ್ಲಿ ಮೊದಲಿನ ಮೂರನ್ನು ತಮ್ಮದೇ ದಾರಿಯಿಂದ ಮುಟ್ಟಿದರೆಂದು ನಮಗೆ ತೋರುತ್ತದೆ.

೧೯೫೮ರಲ್ಲಿ ಅಮೇರಿಕೆಯ ಐ.ಬಿ.ಎಂ. ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಎಂಬವರು ಲೇಖನಗಳ ಸಾರವನ್ನು ಯಂತ್ರದಿಂದ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಒಂದೊಂದು ಪದವೂ ಎಷ್ಟು ಸಲ ಬಂದಿದೆಯೆಂದು ಎಣಿಸುವದು. 'ಮತ್ತು', 'ಆದರೆ'ಗಳಂಥ ಸಾಮಾನ್ಯ ಪದಗಳನ್ನೂ ತೀರ ವಿರಳವಾದವುಗಳನ್ನೂ ಬಿಡುವದು. ಉಳಿದ ಮುಖ್ಯಪದಗಳು ಎಲ್ಲಿ ಒತ್ತಾಗಿ ನೆರೆದಿವೆಯೋ ಆ ವಾಕ್ಯಗಳನ್ನು ಎತ್ತಿಕೊಳ್ಳುವದು. ಇದು ಅಭ್ಯಾಸದ ಗುರುತು. ೧೯೬೯ರಲ್ಲಿ ಎಡ್ಮಂಡ್‌ಸನ್ ಎಂಬವರು ಶಿರೋನಾಮೆಯಲ್ಲಿರುವ ಪದಗಳಿಗೂ, ವಾಕ್ಯವು ಲೇಖನದಲ್ಲಿ ಎಲ್ಲಿದೆಯೆಂಬ ಸ್ಥಾನಕ್ಕೂ ಬೆಲೆ ಕಟ್ಟಿದರು. ಇದು ಉಪಕ್ರಮೋಪಸಂಹಾರಕ್ಕೆ ಸಮೀಪವಾದುದು. ಎಲ್ಲ ಬರಹಗಳಲ್ಲಿಯೂ ಸಿಗುವ ಪದಕ್ಕೆ ಬೆಲೆ ಕಡಿಮೆ, ಕೆಲವೇ ಬರಹಗಳಲ್ಲಿ ಸಿಗುವ ಪದಕ್ಕೆ ಬೆಲೆ ಹೆಚ್ಚು ಎಂದು ೧೯೭೨ರಲ್ಲಿ ಇಂಗ್ಲಂಡದ ವಿದುಷಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ತೋರಿಸಿದರು. ಇದು ಅಪೂರ್ವತೆ. ಈ ಮೂರೂ ಎಣಿಕೆಗೆ ಸಿಕ್ಕುವಂಥವು. ಫಲ, ಅರ್ಥವಾದ, ಉಪಪತ್ತಿಗಳು ಅರ್ಥವನ್ನರಿತವನಿಗೆ ಮಾತ್ರ ಕಾಣತಕ್ಕವು, ತೊಡಕಿರುವದು ಇಲ್ಲಿಯೇ.

ಕನ್ನಡದಲ್ಲಿ ಎಣಿಕೆಯೂ ಸುಲಭವಲ್ಲ. ಉಣಕಲ್ಲಿನ ಕೆರೆಯ ವಿಷಯವಾಗಿ ಒಂದು ಲೇಖನವಿದೆಯೆನ್ನೋಣ. ಅದರಲ್ಲಿ ಕೆರೆ, ಕೆರೆಯ, ಕೆರೆಗೆ, ಕೆರೆಯಲ್ಲಿ, ಕೆರೆಗಳನ್ನು ಎಂದು ಬಂದರೆ, ವಿಭಕ್ತಿಯನ್ನು ಕಲಿಸದ ಯಂತ್ರಕ್ಕೆ ಅವು ಐದು ಬೇರೆ ಬೇರೆ ಪದಗಳು. ಅಲ್ಲದೆ, ಇದ್ದ ವಾಕ್ಯಗಳನ್ನೇ ಆಯ್ದು ಜೋಡಿಸುವ ಈ ಪದ್ಧತಿಯಲ್ಲಿ ಸಂಬಂಧವು ಕಡಿಯುತ್ತದೆ. 'ಅವರು ಅದನ್ನು ನಿರಾಕರಿಸಿದರು' ಎಂಬ ವಾಕ್ಯವೊಂದೇ ಸಾರಾಂಶಕ್ಕೆ ಬಂದರೆ, ಯಾರು, ಯಾವುದನ್ನು ಎಂಬ ಆಕಾಂಕ್ಷೆಯು ತೀರುವದೆಂತು?

ಎರಡನೆಯ ಪದ್ಧತಿಯಲ್ಲಿ ಯಂತ್ರವು ಮೂಲವನ್ನು ಓದಿ ತನ್ನ ಮಾತಿನಲ್ಲಿಯೇ ಸಂಗ್ರಹವನ್ನು ಬರೆಯುತ್ತದೆ. ೨೦೧೭ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು 'ಟ್ರಾನ್ಸ್‌ಫಾರ್ಮರ್' ಎಂಬ ರಚನೆಯನ್ನು ಪ್ರಕಟಿಸಿದ ಮೇಲೆ ಈ ಪದ್ಧತಿಯು ಬಹಳ ಬಲಿತಿದೆ. ಇಂದು ಮೊಬೈಲಿನಲ್ಲಿ ಸರಾಗವಾಗಿ ಬರೆಯುವ ಯಂತ್ರಗಳು ಹೆಚ್ಚಾಗಿ ಇದೇ ವಂಶದವು. ಇವುಗಳ ಭಾಷೆಯು ನುಣುಪು. ಆದರೆ ಮೂಲದಲ್ಲಿಲ್ಲದ ಹೆಸರನ್ನೋ ಅಂಕೆಯನ್ನೋ ಇವು ಕೆಲವು ಸಲ ತಾವಾಗಿಯೇ ಸೇರಿಸಿಬಿಡುವವು. ಆಯ್ದು ಜೋಡಿಸುವ ಯಂತ್ರದ ದೋಷವು ಒರಟುತನ. ಅದು ಓದಿದ ಕೂಡಲೆ ಕಾಣುತ್ತದೆ. ಬರೆಯುವ ಯಂತ್ರದ ದೋಷವು ನುಣುಪಿನೊಳಗೆ ಅಡಗಿರುತ್ತದೆ.

ಇನ್ನು ಪರೀಕ್ಷೆಯ ವಿಚಾರ. ಶಾಲೆಯಲ್ಲಿ ಹುಡುಗರ ಸಾರಾಂಶಗಳನ್ನು ತಿದ್ದಿದವರೆಲ್ಲರೂ ಬಲ್ಲಂತೆ, ಒಂದು ಪಾಠಕ್ಕೆ ಒಂದೇ ಸರಿಯಾದ ಸಾರಾಂಶವಿರುವದಿಲ್ಲ. ಹೀಗಿದ್ದರೂ ಸಾವಿರಾರು ಸಾರಾಂಶಗಳನ್ನು ಬೇಗನೆ ತೂಗಬೇಕಾದ್ದರಿಂದ ಚಿನ್-ಯೂ ಲಿನ್ ಎಂಬವರು ೨೦೦೪ರಲ್ಲಿ 'ರೂಜ್' ಎಂಬ ಅಳತೆಯನ್ನು ಮಂಡಿಸಿದರು. ಬಲ್ಲವರು ಬರೆದ ಒಂದು ಮಾದರಿ ಸಾರಾಂಶವನ್ನಿಟ್ಟುಕೊಂಡು, ಅದರ ಪದಗಳಲ್ಲಿ ಎಷ್ಟು ಯಂತ್ರದ ಸಾರಾಂಶದಲ್ಲಿ ಬಂದಿವೆಯೆಂದು ಎಣಿಸುವದೇ ಇದರ ಮೂಲತತ್ವ. ಇಂದಿಗೂ ಈ ಅಳತೆಯು ವಿಶೇಷವಾಗಿ ಬಳಕೆಯಲ್ಲಿದೆ. ಇದರ ಗುಣದೋಷಗಳನ್ನು ಒಂದು ಉದಾಹರಣೆಯಿಂದ ನೋಡುವಾ.

ವೈದ್ಯರ ದೀರ್ಘವಾದ ಸೂಚನೆಗೆ ಮಾದರಿ ಸಾರಾಂಶವು ಹೀಗಿದೆ: 'ಮಗುವಿಗೆ ಜ್ವರ ಇಳಿದ ಮೇಲೆ ಈ ಔಷಧವನ್ನು ಕೊಡಕೂಡದು.' ಏಳು ಪದಗಳು. ಒಂದು ಯಂತ್ರವು ಬರೆಯಿತು: 'ಮಗುವಿಗೆ ಜ್ವರ ಇಳಿದ ಮೇಲೆ ಈ ಔಷಧವನ್ನು ಕೊಡಬೇಕು.' ಇನ್ನೊಂದು ಬರೆಯಿತು: 'ಜ್ವರವಿಳಿದ ಬಳಿಕ ಕೂಸಿಗೆ ಈ ಮದ್ದು ಬೇಡ.' ಪದಗಳನ್ನು ಎಣಿಸಿದರೆ ಮೊದಲನೆಯದರಲ್ಲಿ ಏಳಕ್ಕೆ ಆರು ಕೂಡಿ, ನೂರಕ್ಕೆ ಸುಮಾರು ೮೬ ಅಂಕಗಳು ಬರುವವು. ಎರಡನೆಯದರಲ್ಲಿ 'ಈ' ಎಂಬುದೊಂದೇ ಕೂಡುವದರಿಂದ ಸುಮಾರು ೧೪ ಮಾತ್ರ. ತಾಯಿಯಾದವಳು ಯಾವುದನ್ನು ನಂಬಿದರೆ ಕೂಸಿಗೆ ಕ್ಷೇಮವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಕನ್ನಡದಲ್ಲಿ ವಾಕ್ಯದ ತೀರ್ಪು ಅದರ ಬಾಲದಲ್ಲಿರುತ್ತದೆ. ಬೇಕು, ಬಾರದು, ಅಲ್ಲ, ಇಲ್ಲ ಎಂಬ ಕೊನೆಯ ಎರಡು ಮೂರು ಅಕ್ಷರಗಳಲ್ಲಿ ಇಡೀ ಅರ್ಥವು ತಿರುಗಿ ನಿಲ್ಲುತ್ತದೆ. ಪದವೆಣಿಸುವವನಿಗೆ ಅದೂ ಏಳರಲ್ಲಿ ಒಂದು ಪದ, ಅಷ್ಟೆ. ಅಕ್ಷರದ ಬದಲು ಅರ್ಥದ ಸಾಮೀಪ್ಯವನ್ನು ಅಳೆಯುವ 'ಬರ್ಟ್‌ಸ್ಕೋರ್' ಎಂಬ ಅಳತೆಯು ೨೦೧೯ರಲ್ಲಿ ಬಂದಿತು. ಔಷಧ, ಮದ್ದುಗಳು ಒಂದೇ ಎಂಬುದನ್ನು ಇಂಥ ಅಳತೆಯು ತಿಳಿಯಬಲ್ಲದಾದರೂ ವಿಧಿ ನಿಷೇಧಗಳ ಭೇದವನ್ನು ಎಷ್ಟೋ ಸಲ ಹಿಡಿಯಲಾರದು.

ಇದಕ್ಕಿಂತ ವಿವೇಕವುಳ್ಳ ಕ್ರಮವೊಂದುಂಟು. ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯದ ನೆಂಕೋವಾ ಮತ್ತು ಪಾಸನೋ ಎಂಬ ವಿದುಷಿಯರು ೨೦೦೪ರಲ್ಲಿ ಹೇಳಿದ ಇದಕ್ಕೆ 'ಪಿರಮಿಡ್' ಎಂದು ಹೆಸರು. ಒಂದೇ ಲೇಖನಕ್ಕೆ ಹಲವರಿಂದ ಸಾರಾಂಶ ಬರೆಯಿಸಿ, ಅವುಗಳಲ್ಲಿಯ ಸಂಗತಿಗಳನ್ನು ಬಿಡಿಸಿಡುವರು. ಎಲ್ಲರೂ ಹೇಳಿದ ಸಂಗತಿಗೆ ಹೆಚ್ಚು ತೂಕ, ಒಬ್ಬರೇ ಹೇಳಿದುದಕ್ಕೆ ಕಡಿಮೆ. ಯಂತ್ರವು ಯಾವ ಮಾತಿನಲ್ಲಿ ಹೇಳಿದರೂ ಸರಿ, ಸಂಗತಿಯು ಬಂದಿದ್ದರೆ ಅಂಕವುಂಟು. ಆದರೆ ಇದಕ್ಕೆ ಓದಿ ತೂಗುವ ಮನುಷ್ಯರು ಬೇಕು.

ಕನ್ನಡದಲ್ಲಿ ಈ ಸಾಮಗ್ರಿಯದೇ ಕೊರತೆ. ಕನ್ನಡ ಲೇಖನಗಳಿಂದ ಮುಖ್ಯಪದಗಳನ್ನು ಹೆಕ್ಕಿ ಸಂಗ್ರಹ ಮಾಡುವ ಪ್ರಯತ್ನವನ್ನು ಬೆಂಗಳೂರಿನ ಸಂಶೋಧಕರು ೨೦೧೧ರಲ್ಲಿಯೇ ಪ್ರಕಟಿಸಿದ್ದರು. ಆದರೆ ೨೦೨೧ರಲ್ಲಿ ಬಿ.ಬಿ.ಸಿ.ಯ ಸುದ್ದಿಗಳಿಂದ ೪೪ ಭಾಷೆಗಳಲ್ಲಿ ಲೇಖನ-ಸಾರಾಂಶಗಳ ದೊಡ್ಡ ಸಂಗ್ರಹವೊಂದು ಸಿದ್ಧವಾದಾಗ ಅದರಲ್ಲಿ ಹಿಂದಿ, ಮರಾಠಿ, ತೆಲುಗು, ತಮಿಳುಗಳಿದ್ದವು; ಕನ್ನಡವಿರಲಿಲ್ಲ. ಮರುವರ್ಷ ಪ್ರಕಟವಾದ 'ಇಂಡಿಕ್ ಎನ್.ಎಲ್.ಜಿ.' ಎಂಬ ಸಂಗ್ರಹದಲ್ಲಿ ಹನ್ನೊಂದು ಭಾರತೀಯ ಭಾಷೆಗಳಲ್ಲಿ ಒಂದಾಗಿ ಕನ್ನಡಕ್ಕೂ ಸ್ಥಾನವು ದೊರೆಯಿತು. ಅಲ್ಲಿಯಾದರೂ ಇರುವದು ಹೆಚ್ಚಾಗಿ ಸುದ್ದಿಯ ತಲೆಬರಹಗಳ ಮಾದರಿ. ಇಂಗ್ಲಿಷಿನ ಸಲುವಾಗಿ ಮಾಡಿದ ಕೆಲವು ರೂಜ್ ಸಾಧನಗಳಂತೂ ಇಂಗ್ಲಿಷ್ ಅಕ್ಷರಗಳ ಹೊರತು ಉಳಿದುದನ್ನೆಲ್ಲ ಅಳಿಸಿಯೇ ಎಣಿಕೆಗೆ ತೊಡಗುವವು. ಅವುಗಳ ಮುಂದೆ ಎಂಥ ಕನ್ನಡ ಸಾರಾಂಶವಿಟ್ಟರೂ ಸೊನ್ನೆಯೇ.

ಹೀಗಿರಲು ಗೃಹಸ್ಥರು ಯಂತ್ರದ ಸಾರಾಂಶವನ್ನು ತಾವೇ ಪರೀಕ್ಷಿಸಿಕೊಳ್ಳುವದು ಉತ್ತಮವು. ಮೊದಲನೆಯದಾಗಿ, ಪ್ರತಿ ವಾಕ್ಯದ ಕ್ರಿಯಾಪದವನ್ನು ಮೂಲದೊಡನೆ ಹೋಲಿಸಬೇಕು. ಎರಡನೆಯದಾಗಿ, ಹೆಸರು, ದಿನಾಂಕ, ಹಣದ ಮೊತ್ತ, ಔಷಧದ ಪ್ರಮಾಣ ಇವು ಮೂಲದಲ್ಲಿ ಇದ್ದಂತೆಯೇ ಇವೆಯೇ ಎಂದು ಬೆರಳಿಟ್ಟು ನೋಡಬೇಕು. ಮೂರನೆಯದಾಗಿ, 'ಆದರೆ', 'ಹೊರತು', 'ಒಂದು ವೇಳೆ' ಎಂದು ಮೂಲದಲ್ಲಿರುವ ಕಡೆಗಳನ್ನು ಹುಡುಕಿ, ಆ ಷರತ್ತುಗಳು ಸಾರಾಂಶದಲ್ಲಿ ಉಳಿದಿವೆಯೇ ಎಂದು ವಿಚಾರಿಸಬೇಕು. ನಾಲ್ಕನೆಯದಾಗಿ, ಕಾಗದವನ್ನು ಓದುವ ಮೊದಲೇ ತನಗೆ ಬೇಕಾದ ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು, ಸಾರಾಂಶವು ಅವುಗಳಿಗೆ ಉತ್ತರ ಕೊಡುವದೋ ಎಂದು ನೋಡಬೇಕು. ದೇಹ, ಹೊಲಮನೆ, ಸಾಲ ಇವುಗಳ ಕಾಗದವಾದರೆ ಸಾರಾಂಶವನ್ನು ದಾರಿ ತೋರುವ ದೀಪವೆಂದಷ್ಟೇ ಎಣಿಸಿ, ರುಜು ಹಾಕುವ ಮುಂಚೆ ಮೂಲವನ್ನೇ ಓದತಕ್ಕದ್ದು.

ನಮ್ಮ ಊರಿಗೂ ಇದರಲ್ಲಿ ಒಂದು ಕರ್ತವ್ಯವಿದೆ. ೧೮೯೦ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಧಾರವಾಡದಲ್ಲಿದೆ. ೨೦೧೫ರಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ, ೨೦೧೬ರಲ್ಲಿ ಐ.ಐ.ಟಿ.ಯೂ ಇಲ್ಲಿ ಆರಂಭವಾದವು. ಭಾಷೆಯನ್ನು ಬಲ್ಲವರೂ ಯಂತ್ರವನ್ನು ಬಲ್ಲವರೂ ಒಂದೇ ಊರಿನಲ್ಲಿರುವದು ದೊಡ್ಡ ಅನುಕೂಲವು. ಸಾರಾಂಶ ಬರೆಯಿಸುವದು ಶಾಲೆಗಳಲ್ಲಿ ನಡೆದೇ ಇದೆ. ಒಂದೇ ಲೇಖನಕ್ಕೆ ಐದು ಮಂದಿ ಶಿಕ್ಷಕರು ಬರೆದ ಐದು ಸಾರಾಂಶಗಳನ್ನು ಕೂಡಿಸಿಡುತ್ತ ಹೋದರೆ, ಕನ್ನಡದ ಯಂತ್ರಗಳನ್ನು ತೂಗುವ ತಕ್ಕಡಿಯು ಇಲ್ಲಿಯೇ ಸಿದ್ಧವಾಗುವದು. ಉಪಾಧ್ಯಾಯರೂ ತರುಣರೂ ಈ ಕೆಲಸಕ್ಕೆ ಮನಸ್ಸು ಮಾಡಬೇಕೆಂದು ನಮ್ಮ ವಿನಂತಿಯು.